ಬಂದೂಕು ಪಳಗುವ ತನಕ

ನಿವೃತ್ತರಾದ ಮೇಲೆ ನಮ್ಮ ಕಡೆಯ ಮಾಸ್ತರರು ಒಂದು ಸೈಟು ನೋಡುತ್ತಾರೆ, ಇಲ್ಲವೇ ಕಾಶಿಯೋ ಶ್ರೀಶೈಲವೋ ಮುಗಿಸಿ ಬರುತ್ತಾರೆ. ಟೀಚರುಗಳಾದರೆ ಬಹಳ ದಿನದಿಂದ ಮನಸ್ಸಿನಲ್ಲಿದ್ದ ಬಂಗಾರದ ಬಳೆ ಮಾಡಿಸಿಕೊಳ್ಳುತ್ತಾರೆ. ನಮ್ಮ ಪಿ.ಟಿ. ಮೇಡಂ ಏರ್ ರೈಫಲ್ ಕೊಂಡರು. ಸಿಂಧನೂರಿನ ನಮ್ಮ ಹೆಣ್ಣುಮಕ್ಕಳ ಶಾಲೆಯ ಸ್ಟಾಫ್ ರೂಮಿಗೆ ಈ ಸುದ್ದಿ ಬಂದಾಗ ನಗದವರಿಲ್ಲ. ನಾನೂ ನಕ್ಕೆ. ಫೋನ್ ಮಾಡಿ ಕೇಳಿದರೆ, "ನಗೋದು ಮುಗಿದಿದ್ರ ಐತವಾರ ಮಸ್ಕಿಗೆ ಬಾ ತಂಗಿ. ಗುರಿ ಹಾಳಿ ಬದ್ಲಿ ಮಾಡಾಕ ಒಬ್ಬರು ಬೇಕಾಗ್ಯಾರ" ಅಂದರು.

ಅವರು ತೀರಿಕೊಂಡಾಗ ಮಣ್ಣಿಗೆ ಬಂದವರೆಲ್ಲ ಅವರ ಶಿಸ್ತಿನ ಬಗ್ಗೆ ಮಾತಾಡಿದರು. ಶಿಸ್ತು ಇತ್ತು, ಇಲ್ಲವೆನ್ನುವುದಿಲ್ಲ. ಅವರ ಕೊರಳಲ್ಲಿ ಯಾವಾಗಲೂ ಮೂರು ಇರುತ್ತಿದ್ದವು: ಲಿಂಗದ ಕರಡಿಗೆ, ತಾಳಿ, ಸೀಟಿ. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಬೆಳಗಿನ ಪ್ರಾರ್ಥನೆಗೆ ಹುಡುಗಿಯರು ತಲೆ ಬಗ್ಗಿಸಿಕೊಂಡು ಬಂದರೆ, "ನೆಲದಾಗ ಏನೂ ಬಿದ್ದಿಲ್ಲ, ಮ್ಯಾಲೆ ನೋಡ್ರಿ" ಎನ್ನುತ್ತಿದ್ದರು. ಕವಾಯತಿನಲ್ಲಿ ಅವರ ಒಂದೇ ಮಾತು: "ಕಾಲಿನ ಚಿಂತಿ ಬಿಡ್ರಿ. ಕೈ ಬರೋಬ್ಬರಿ ಬೀಸಿದ್ರ ಕಾಲು ತಾನ ಬರ್ತೈತಿ."

ಆದರೆ ಶಿಸ್ತು ಎಂದಾಗ ಜನಕ್ಕೆ ಕಣ್ಣಿಗೆ ಬರುವ ಆ ಬಿರುಸು ಅವರಲ್ಲಿರಲಿಲ್ಲ. ಗದ್ದೆ ನಾಟಿಯ ದಿನಗಳಲ್ಲಿ ಗೊರೇಬಾಳ, ವಳಕಮದಿನ್ನಿ ಕಡೆಯ ಹುಡುಗಿಯರು ಶಾಲೆ ತಪ್ಪಿಸಿ ಆಮೇಲೆ ಹೆದರುತ್ತ ಬಂದರೆ, ಅವರ ಬೆರಳ ಸಂದಿಯ ಕೆಸರುಹುಣ್ಣಿಗೆ ಮುಲಾಮು ಹಚ್ಚಿ, ಆಟಕ್ಕೆ ಬಿಡದೆ ನೆರಳಲ್ಲಿ ಕೂರಿಸುತ್ತಿದ್ದರು. ಒಂದು ವರ್ಷ ತಾಲೂಕು ಕ್ರೀಡಾಕೂಟದಲ್ಲಿ ಉದ್ದನೆಯ ಓಟ. ಗೆದ್ದವರ ಫೋಟೋ ತೆಗೆದಾಯಿತು, ಅತಿಥಿಗಳು ಜೀಪು ಹತ್ತಿದರು. ಸಂತೆಕಲ್ಲೂರಿನ ಒಬ್ಬ ದಪ್ಪನೆಯ ಹುಡುಗಿ ಇನ್ನೂ ಮೈದಾನದ ಆಚೆ ತುದಿಯಲ್ಲಿ ಏದುಸಿರು ಬಿಡುತ್ತ ಬರುತ್ತಿದ್ದಳು. ಮುಕ್ತಾಯದ ದಾರದ ಒಂದು ತುದಿ ನನ್ನ ಕೈಲಿತ್ತು. ನಾನು ಸುತ್ತಿಕೊಳ್ಳಲು ಹೋದರೆ ಮೇಡಂ ತಡೆದರು. "ಆಕಿ ಓಟ ಇನ್ನೂ ಮುಗಿದಿಲ್ಲ. ದಾರ ಹಿಡಿ" ಎಂದು ತಾವೇ ಇನ್ನೊಂದು ತುದಿ ಹಿಡಿದು ಬಿಸಿಲಲ್ಲಿ ನಿಂತರು. ಆ ಹುಡುಗಿ ದಾರಕ್ಕೆ ಎದೆ ಕೊಟ್ಟು ದಾಟಿದಾಗ ಚಪ್ಪಾಳೆ ಹೊಡೆಯಲು ನಾವಿಬ್ಬರೇ ಇದ್ದದ್ದು.

ಬಂದೂಕಿನ ಮಾತು ನಾನು ಅವರಿಂದ ಮೊದಲು ಕೇಳಿದ್ದು ಮಧ್ಯಾಹ್ನದ ಬುತ್ತಿ ಬಿಚ್ಚುವಾಗ. ಕಾಲೇಜಿನಲ್ಲಿ ಅವರು ಎನ್‌ಸಿಸಿಯಲ್ಲಿದ್ದರಂತೆ. "ಐದು ಗುಂಡು ಕೊಡ್ತಿದ್ರು. ಐದೂ ಕರೇ ವೃತ್ತದಾಗ ಹಾಕ್ತಿದ್ದೆ. ಹುಡುಗರು ಬಂದು ನನ್ನ ಹಾಳಿ ನೋಡಿ ಹೋಗ್ತಿದ್ರು" ಅಂದರು.

"ಆಮ್ಯಾಲೆ?"

"ಆಮ್ಯಾಲೆ ಏನು? ಮದಿವಿ ಆತು, ನೌಕ್ರಿ ಬಂತು. ಪಿ.ಟಿ. ಟೀಚರ್‌ಗೆ ಬಂದೂಕು ಯಾರು ಕೊಡ್ತಾರ? ಸೀಟಿ ಕೊಟ್ರು." ಹೀಗೆ ಹೇಳಿ ರೊಟ್ಟಿ ಮುರಿದು ಪುಂಡಿಪಲ್ಯದಲ್ಲಿ ಅದ್ದಿದರು. ಆ ದನಿಯಲ್ಲಿ ದುಃಖವೇನೂ ಇರಲಿಲ್ಲ. ಹಾಗಾಗಿ ನಾನೂ ಮರೆತೆ. ಅವರು ಮರೆತಿರಲಿಲ್ಲ. ಹುಬ್ಬಳ್ಳಿಯಲ್ಲಿ ವಯಸ್ಸಾದವರಿಗೂ ಏರ್ ರೈಫಲ್ ಸ್ಪರ್ಧೆ ಇರುತ್ತದೆಂದು ಫೋನಿನಲ್ಲಿ ಹುಡುಕಿ ತಿಳಿದುಕೊಂಡಿದ್ದರು. ಚಳಿಗಾಲದಲ್ಲಿ ಅದು. ಅಷ್ಟರೊಳಗೆ ಬಂದೂಕು ಪಳಗಬೇಕು, ತಾವೂ ಪಳಗಬೇಕು.

ಮಸ್ಕಿಯ ಅವರ ಮನೆ ಗುಡ್ಡದ ಕೆಳಗಿತ್ತು. ಹಿಂದೆ ಉದ್ದನೆಯ ಹಿತ್ತಲು, ಬೇವಿನ ಮರ, ಕೊನೆಯಲ್ಲಿ ಕಲ್ಲಿನ ಕಾಂಪೌಂಡು. ಅವರ ಯಜಮಾನರದು ಬಜಾರಿನಲ್ಲಿ ಬೀಜ, ಗೊಬ್ಬರ, ಎಣ್ಣೆಯ ಅಂಗಡಿ. ಮಕ್ಕಳಿರಲಿಲ್ಲ. ಯಜಮಾನರು ಹಣೆ ತುಂಬ ವಿಭೂತಿ ಹಚ್ಚುವ, ಇರುವೆ ಕಂಡರೂ ಕಾಲು ಎತ್ತಿಡುವ ಮನುಷ್ಯ. ಮನೆಗೆ ಬಂದೂಕು ಬರುವುದು ಅವರಿಗೆ ಸುತಾರಾಂ ಒಪ್ಪಿಗೆಯಿರಲಿಲ್ಲ.

"ಲಿಂಗಪೂಜಿ ಮಾಡೋ ಮನ್ಯಾಗ ಇದೇನು ತಂದಾಳ ನೋಡ್ರಿ ಟೀಚರ. ಹೇಳ್ರಿ ನೀವರೆ" ಎಂದು ನನ್ನ ಹತ್ತಿರ ತಕರಾರು ಮಾಡಿದರು.

"ನನ್ನ ಬಂದೂಕು ಹಾಳಿ ತಿಂತೈತಿ, ಹಕ್ಕಿ ತಿನ್ನಂಗಿಲ್ಲ" ಅಂದರು ಮೇಡಂ. "ನಾಲ್ಕು ಖಾಲಿ ಚೀಲ ಕೊಡ್ರಿ, ಉಸುಕು ತುಂಬಬೇಕು."

ಗೊಣಗುತ್ತಲೇ ಚೀಲ ತಂದವರೂ ಅವರೇ, ಉಸುಕು ತುಂಬಿ ಗೋಡೆಗೆ ಒರಗಿಸಿದವರೂ ಅವರೇ. ಗುಂಡು ಚೀಲ ದಾಟಿ ಹೋಗಬಾರದೆಂದು ಹಿಂದೊಂದು ಫರಸಿ ಕಲ್ಲನ್ನೂ ನಿಲ್ಲಿಸಿದರು.

ಹೊಸ ಬಂದೂಕನ್ನು ಪಳಗಿಸುವುದು ಇಷ್ಟು ದೊಡ್ಡ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಮೇಡಂ ಮೊದಲು ನಳಿಗೆಯೊಳಗೆ ದಾರಕ್ಕೆ ಕಟ್ಟಿದ ಬಟ್ಟೆಚೂರು ಎಳೆದರು. ಬಟ್ಟೆ ಕಪ್ಪಗೆ ಬಂತು. ಬೆಳ್ಳಗೆ ಬರುವ ತನಕ ಎಳೆದರು. ನಳಿಗೆಯನ್ನು ಮೊಣಕಾಲಿಗೆ ಒತ್ತಿ ಕಟಕ್ಕನೆ ಮಡಚಿ, ಜೋಳದ ಕಾಳಿನಷ್ಟಿದ್ದ ಸೀಸದ ಗುಂಡನ್ನು ಹೆಬ್ಬೆರಳಿನಿಂದ ಒಳಗೆ ಒತ್ತಿ, ಮತ್ತೆ ನೆಟ್ಟಗೆ ಮಾಡಿದರು. ಮೊದಲ ಗುಂಡಿಗೆ ಪಟಾಕಿಯಂಥ ಸದ್ದು. ನಳಿಗೆಯ ಬಾಯಿಂದ ನೀಲಿ ಹೊಗೆ ಬಂತು. ಬೇವಿನ ಮರದ ಕಾಗೆಗಳೆಲ್ಲ ಎದ್ದವು, ಕಾಂಪೌಂಡಿನ ಆಚೆಯಿಂದ ನೆರೆಮನೆಯ ಹೆಂಗಸರು ಇಣುಕಿದರು, ಯಜಮಾನರು ಒಳಗಿನಿಂದ "ಶಿವಾ" ಅಂದರು.

"ಹೆದರಬ್ಯಾಡ. ಒಳಗಿನ ಎಣ್ಣಿ ಸುಡಾಕತ್ತೈತಿ" ಅಂದರು ಮೇಡಂ. "ಹೊಸ ಸ್ಪ್ರಿಂಗ್ ಐತಿ, ಅದಕ್ಕ ಸಿಟ್ಟು ಜಾಸ್ತಿ. ನೂರಾರು ಗುಂಡು ಹಾರಿದ ಮ್ಯಾಲೆ ತಣ್ಣಗ ಆಕ್ಕೈತಿ. ಅಲ್ಲಿ ತನಕ ಹಾಳಿ ಮ್ಯಾಲೆ ಎಲ್ಲಿ ಬಿದ್ದಾವಂತ ನೋಡೋ ಹಂಗಿಲ್ಲ."

ಹಿಡಿಯುವುದಕ್ಕೂ ಒಂದು ರೀತಿಯಿತ್ತು. ಗಟ್ಟಿ ಹಿಡಿದರೆ ಈ ಬಂದೂಕು ಕೈಯೊಳಗೇ ಹಾರುತ್ತದಂತೆ. ಎಡ ಅಂಗೈ ಚಾಚಿ ಅದರ ಮೇಲೆ ಸುಮ್ಮನೆ ಮಲಗಿಸಬೇಕು, ಭುಜಕ್ಕೆ ತಾಗಿಯೂ ತಾಗದ ಹಾಗೆ ಒರಗಿಸಬೇಕು. "ಬಾಣಂತಿ ಕೈಯಾಗಿನ ಕೂಸು ಇಸಗೊಂಡಂಗ ಹಗೂರ" ಎಂದು ನನಗೆ ತೋರಿಸಿದರು. ನನಗೆ ಅದನ್ನು ಎತ್ತುವುದೇ ಸಾಕಾಯಿತು.

ಹೊಡೆತದ ಅದುರಿಗೆ ತಿರುಪುಗಳು ಸಡಿಲಾಗುತ್ತವೆಂದು ಅವರು ಬಜಾರಿನಿಂದ ಕೆಂಪು ನೇಲ್ ಪಾಲಿಷ್ ತಂದಿದ್ದರು. ಜೀವಮಾನದಲ್ಲಿ ಉಗುರಿಗೆ ಹಚ್ಚಿಕೊಂಡವರಲ್ಲ. ಪ್ರತಿ ತಿರುಪಿನ ತಲೆಯಿಂದ ಪಕ್ಕದ ಕಟ್ಟಿಗೆಯ ಮೇಲೆ ಹಾಯುವಂತೆ ಒಂದು ಸಣ್ಣ ಗೆರೆ ಎಳೆದರು. ತಿರುಪು ಸ್ವಲ್ಪ ತಿರುಗಿದರೂ ಗೆರೆ ಮುರಿದು ಗೊತ್ತಾಗುತ್ತದೆ.

ಹೀಗೆ ಹಲವಾರು ಭಾನುವಾರಗಳು ಕಳೆದವು. ಸದ್ದು ಇಳಿಯಿತು, ಹೊಗೆ ನಿಂತಿತು. ಮೇಡಂ ಬಂದೂಕು ಕೊಂಡ ಸುದ್ದಿ ಊರೆಲ್ಲ ಹಬ್ಬಿ, ಗುಡ್ಡದ ಮಂಗಗಳನ್ನು ಹೊಡೆದುಕೊಡಿ ಎಂದು ಓಣಿಯವರು ಬಂದರು. ಭತ್ತಕ್ಕೆ ಬೀಳುವ ಹಕ್ಕಿ ಓಡಿಸಲು ಎರಡು ದಿನ ಕೊಡಿ ಎಂದು ಒಬ್ಬ ರೈತ ಬಂದ. ಎಲ್ಲರಿಗೂ ಚಹಾ ಕುಡಿಸಿ ಕಳಿಸಿದರು. ಕೊನೆಗೆ ಒಂದು ಭಾನುವಾರ, "ಈಗ ಪಳಗಿರಬೇಕು. ಪರೀಕ್ಷೆ ಮಾಡೋಣು" ಎಂದರು. ಕುರ್ಚಿಯಲ್ಲಿ ಕುಳಿತು, ಮೇಜಿನ ಮೇಲೆ ಉಸುಕಿನ ಚೀಲವಿಟ್ಟು ಅದರ ಮೇಲೆ ಬಂದೂಕು ಒರಗಿಸಿ ಐದು ಗುಂಡು ಹೊಡೆದರು. ಹಾಳೆ ತರಲು ನಾನು ಹೋದೆ. ಎರಡು ತೂತು ಕಪ್ಪು ವೃತ್ತದ ಅಂಚಿನಲ್ಲಿದ್ದವು, ಎರಡು ಬಿಳಿಯಲ್ಲಿ, ಒಂದು ಹಾಳೆಯ ಮೂಲೆಯಲ್ಲಿ.

"ಗುಂಡು ಬರೋಬ್ಬರಿ ಇಲ್ಲ" ಅಂದರು. ಬೇರೆ ಡಬ್ಬಿಯ ಗುಂಡು ತರಿಸಿದರು. ಅದೂ ಚದುರಿತು. ಗಾಳಿ ಅಂದರು, ಗಾಳಿಯಿಲ್ಲದ ಬೆಳಿಗ್ಗೆ ಹೊಡೆದರು. ತಿರುಪು ಅಂದರು, ಕೆಂಪು ಗೆರೆಗಳೆಲ್ಲ ಸರಿಯಾಗಿದ್ದವು. "ಹಂಗಾದ್ರ ಸ್ಪ್ರಿಂಗಿನ್ಯಾಗ ದೋಷ ಐತಿ" ಎಂದು ತೀರ್ಮಾನಿಸಿದರು.

ನಾನು ನಂಬಿದೆ. ನನಗೇನು ತಿಳಿಯುತ್ತಿತ್ತು? ಆದರೆ ಅದೇ ಸಂಜೆ ಬಸ್ ಸ್ಟ್ಯಾಂಡಿಗೆ ನನ್ನನ್ನು ಬಿಡಲು ಬರುವಾಗ ಅವರು ನನ್ನ ಮುಂದೆ ನಡೆಯುತ್ತಿದ್ದರು. ಅವರ ಎಡಗೈ ಎಂದಿನಂತೆ ಬೀಸುತ್ತಿತ್ತು. ಬಲಗೈ ಬೀಸುತ್ತಿರಲಿಲ್ಲ. ಸುಮ್ಮನೆ ಜೋತುಬಿದ್ದಿತ್ತು, ಬೆರಳುಗಳು ಬೀಡಿ ಸುತ್ತುವವರ ಹಾಗೆ ತಮ್ಮಷ್ಟಕ್ಕೆ ಆಡುತ್ತಿದ್ದವು. ಕೈ ನೋಯುತ್ತದೇನು ಎಂದು ಕೇಳಿದೆ. "ನಳಿಗಿ ಮಡಚಿ ಮಡಚಿ ಸೋತೈತಿ" ಅಂದರು. ಲಿಂಗಸುಗೂರಿನಿಂದ ಬಂದ ಬಸ್ಸು ಹತ್ತಿ ಕಿಟಕಿಯಿಂದ ನೋಡಿದೆ. ಅವರು ಎಡಗೈ ಎತ್ತಿ ಟಾಟಾ ಮಾಡಿದರು.

ಬಂದೂಕು ತೆಗೆದುಕೊಂಡು, ಅದನ್ನು ಕೊಂಡಿದ್ದ ಹುಬ್ಬಳ್ಳಿಯ ಅಂಗಡಿಗೆ ಹೋದವರು ಯಜಮಾನರು. "ಹೊಸ ಮಾಲು ಖರಾಬ್ ಕೊಟ್ಟಾರಂದ್ರ ನಾ ಬಿಡಂಗಿಲ್ಲ. ನಾನೂ ಅಂಗಡಿಯವನ" ಎಂದು, ಬಂದೂಕನ್ನು ಚಾದರದಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದರು. ಮರುದಿನ ಮಧ್ಯಾಹ್ನ ಸಿಂಧನೂರಿನಲ್ಲಿ ಬಸ್ಸು ಬದಲಿಸಬೇಕಾದವರು ನಮ್ಮ ಮನೆಗೆ ಬಂದರು. ಬಂದೂಕು ಹಾಗೆಯೇ ಚಾದರದಲ್ಲಿತ್ತು. ನೀರು ಕೊಟ್ಟೆ. ಕುಡಿದು ತಂಬಿಗೆ ಕೆಳಗಿಟ್ಟರು.

"ಏನಂದ್ರು ಅಣ್ಣಾರ?"

"ಅಂಗಡಿ ಹಿಂದ ಒಂದು ಖೋಲಿ ಐತ್ರಿ, ಅಲ್ಲಿ ಅಂಗಡಿಯಾಂವ ನನ್ನ ಮುಂದನ ಐದು ಹೊಡದ. ಐದೂ ಒಂದ ತೂತಿನ್ಯಾಗ ಹೋದವು." ಅವರು ಹೆಬ್ಬೆರಳು, ತೋರುಬೆರಳು ಸೇರಿಸಿ ಸಣ್ಣ ಉಂಗುರ ಮಾಡಿ ತೋರಿಸಿದರು. "ಇಂಥಾ ಚಲೋ ಬಂದೂಕು ಅಪರೂಪ ಯಜಮಾನ್ರ, ಯಾರು ಪಳಗಿಸ್ಯಾರೋ ಬರೋಬ್ಬರಿ ಪಳಗಿಸ್ಯಾರ ಅಂದ."

ಫ್ಯಾನು ತಿರುಗುತ್ತಿತ್ತು. ಅವರು ಚಾದರದ ಗಂಟು ಬಿಗಿ ಮಾಡಿದರು.

"ಆಕಿ ಬಟ್ಟಲಾ ಎತ್ತುವಾಗ ಚಹಾ ತುಳಕತೈತಿ ಟೀಚರ. ನಾ ನೋಡೀನಿ. ಆಕಿ ಮಾರಿ ನೋಡಿ ಸುಮ್ನಿದ್ದೆ. ಈಗ ನಾ ಏನಂತ ಹೇಳಲಿ?"

"ಖರೇ ಹೇಳ್ರಿ. ಡಾಕ್ಟರಿಗೆ ತೋರಸಬೇಕಲ್ಲ."

"ತೋರಸ್ತೀನಿ. ಆದ್ರ ಇವತ್ತು ಆಕಿ ಬಾಗಲದಾಗ ನಿಂತಿರ್ತಾಳ" ಎಂದು ಅವರು ಎದ್ದರು. ಅವರು ಏನು ಹೇಳುತ್ತಾರೋ ಎಂದು ನಾನು ಇಡೀ ಸಂಜೆ ಯೋಚಿಸಿದೆ.

ಮುಂದಿನ ಭಾನುವಾರ ಹೋದಾಗ ಯಜಮಾನರು ಅಂಗಳದಲ್ಲೇ ದೊಡ್ಡ ದನಿಯಲ್ಲಿ, "ಸ್ಪ್ರಿಂಗ್ ಬದ್ಲಿ ಮಾಡಿಸಿಕೊಂಡು ಬಂದೀನ್ರಿ ಟೀಚರ. ಸ್ಪ್ರಿಂಗಿಂದ ಎಲ್ಲಾ ಆಗಿತ್ತು" ಎಂದು ಹೇಳಿ ನನ್ನ ಮುಖ ನೋಡದೆ ಅಂಗಡಿಗೆ ಹೋದರು. ಮೇಡಂ ಹಿತ್ತಲಲ್ಲಿ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹೊಡೆಯುತ್ತಿರಲಿಲ್ಲ.

"ಇಲ್ಲಿ ಬಾ" ಎಂದು ಕರೆದು ತಿರುಪುಗಳನ್ನು ತೋರಿಸಿದರು. ಕೆಂಪು ಗೆರೆಗಳು ಅವರು ಎಳೆದ ಹಾಗೆಯೇ ಇದ್ದವು, ಒಂದೂ ಮುರಿದಿರಲಿಲ್ಲ. "ಸ್ಪ್ರಿಂಗ್ ತಗಿಬೇಕಂದ್ರ ಇವು ನಾಕೂ ಬಿಚ್ಚಬೇಕು. ಇದನ್ನ ಯಾರೂ ಬಿಚ್ಚಿಲ್ಲ."

ನಾನು ಗೆರೆಗಳ ಮೇಲೆ ಬೆರಳಾಡಿಸಿದೆ.

"ನಿನಗ ಗೊತ್ತೈತೇನು?"

"ಹೂಂ ಅಕ್ಕಾ."

ಅವರು ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು. "ಬಂದೂಕಿನ ಮ್ಯಾಲೆ ನಾ ಎಷ್ಟು ತಪ್ಪು ಹಾಕಿದೆ" ಎಂದರು. ಆಮೇಲೆ, "ನನಗ ತಿಳಿದೈತಂತ ಅವರಿಗೆ ಹೇಳಬ್ಯಾಡ. ಜಲ್ಮದಾಗ ಮೊದಲನೇ ಸಲ ಸುಳ್ಳು ಹೇಳ್ಯಾರ. ಎಷ್ಟು ಕಷ್ಟ ಬಿದ್ದಿರಬೇಕು" ಅಂದರು.

ಆಮೇಲೆ ಕೆಲವು ವಾರ ಆ ಮನೆಗೆ ಹೋಗುವುದೇ ನನಗೆ ಹಿಂಸೆಯಾಯಿತು. ಯಜಮಾನರು ಅಂಗಡಿಯಿಂದ ಬಂದು, "ಈಗ ಹೆಂಗ ಹೊಡಿತೈತಿ?" ಎಂದು ಕೇಳುವರು. ಮೇಡಂ, "ಪಾಡಾಗೈತಿ, ಭಾಳ ಫರಕ ಐತಿ" ಎನ್ನುವರು. ಹಾಳೆಯನ್ನು ಅವರು ಕೇಳುತ್ತಿರಲಿಲ್ಲ, ಇವರು ತೋರಿಸುತ್ತಿರಲಿಲ್ಲ. ಇಬ್ಬರೂ ಬೇರೆಬೇರೆಯಾಗಿ ನನ್ನನ್ನು ಬಾಗಿಲ ತನಕ ಕಳಿಸಲು ಬಂದು, ಇನ್ನೊಬ್ಬರ ಮುಂದೆ ಏನೂ ಅನ್ನಬೇಡ ಎಂದು ಪಿಸುಗುಡುತ್ತಿದ್ದರು. ಡಾಕ್ಟರರ ಮಾತು ತೆಗೆದರೆ ಇಬ್ಬರೂ ಮುಂದಿನ ವಾರ ಎನ್ನುತ್ತಿದ್ದರು. ಒಬ್ಬರನ್ನೊಬ್ಬರು ಕಾಯುತ್ತಿದ್ದ ಆ ಇಬ್ಬರ ನಡುವೆ ನನ್ನ ಕೈಯಿಂದ ಏನೂ ಆಗುತ್ತಿರಲಿಲ್ಲ.

ಅದು ಮುಗಿದದ್ದು ಒಂದು ಮುಂಜಾನೆ. ಮೇಡಂ ಅಂದು ನಿಂತು ಹೊಡೆಯುತ್ತೇನೆಂದರು. ಸ್ಪರ್ಧೆಯಲ್ಲಿ ನಿಂತೇ ಹೊಡೆಯಬೇಕು. ಯಜಮಾನರೂ ಬೇವಿನ ಮರದ ಕೆಳಗೆ ನಿಂತಿದ್ದರು. ಮೇಡಂ ಕಾಲು ಅಗಲಿಸಿ, ಸೆರಗು ಸಿಕ್ಕಿಸಿ ಬಂದೂಕು ಎತ್ತಿದರು. ನಳಿಗೆಯ ತುದಿ ಗಾಳಿಗೆ ಸಿಕ್ಕ ಕಡ್ಡಿಯ ಹಾಗೆ ಆಡುತ್ತಿತ್ತು. ಅವರು ಕಾದರು. ಅದು ನಿಲ್ಲಲೆಂದು ನಾನೂ ಉಸಿರು ಬಿಗಿಹಿಡಿದು ಕಾದೆ. ಗುಂಡು ಹಾಳೆಗೂ ಬೀಳಲಿಲ್ಲ, ಚೀಲಕ್ಕೂ ಬೀಳಲಿಲ್ಲ. ಕಾಂಪೌಂಡಿನ ಕಲ್ಲಿಗೆ ಬಡಿದು ಠಣ್ ಎಂದು ಎಲ್ಲೋ ಸಿಡಿಯಿತು. ಆಚೆ ಮನೆಯಲ್ಲಿ ಮಕ್ಕಳು ಆಡುವ ಸದ್ದು ಕೇಳುತ್ತಿತ್ತು. ಮೇಡಂ ಆ ಕಡೆ ನೋಡಿ ಬಂದೂಕು ಕೆಳಗಿಳಿಸಿದರು.

"ಆ ಸ್ಪ್ರಿಂಗ್ ಮತ್ತ ಸಡ್ಲಾಗಿರಬೇಕು" ಅಂದರು ಯಜಮಾನರು, ಬಂದೂಕಿಗೆ ಕೈ ಚಾಚುತ್ತ. "ಕೊಡು, ನಾಳಿ ಹುಬ್ಬಳ್ಳಿಗೆ ಒಯ್ತೀನಿ."

"ಎಷ್ಟು ಸಲ ಹೋಗ್ತೀರಿ ಹುಬ್ಬಳ್ಳಿಗೆ?" ಎಂದರು ಮೇಡಂ ಮೆಲ್ಲಗೆ. "ಬಸ್ಸಿನ್ಯಾಗ ಸೊಂಟ ನೋಯ್ತೈತಿ ನಿಮಗ. ಕುಂದರ್ರಿ."

ಅವರು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಮೇಡಂ ಬಂದೂಕನ್ನು ನನ್ನ ಕೈಗೆ ಕೊಟ್ಟು ಅವರ ಪಕ್ಕ ಕೂತು ಭುಜದ ಮೇಲೆ ಕೈಯಿಟ್ಟರು. ಆ ಕೈ ನಡುಗುತ್ತಲೇ ಇತ್ತು, ಅದರ ಜೊತೆ ಅವರ ಭುಜವೂ ನಡುಗಿತು. ಬಂದೂಕು ಹಿಡಿದುಕೊಂಡು ನಾನು ಯಾವ ಕಡೆ ನೋಡಲಿ ಎಂದು ತಿಳಿಯದೆ ಗುಡ್ಡ ನೋಡುತ್ತ ನಿಂತೆ.

ಅದೇ ವಾರ ಲಿಂಗಸುಗೂರಿನಲ್ಲಿ ಡಾಕ್ಟರರಿಗೆ ತೋರಿಸಿದರು. ನಾನೂ ಹೋಗಿದ್ದೆ. ಡಾಕ್ಟರು ಹೆಬ್ಬೆರಳಿಗೆ ತೋರುಬೆರಳು ಬಡಿಯಲು ಹೇಳಿದರು, ನಡೆದು ತೋರಿಸಲು ಹೇಳಿದರು. ನಡೆಯುವಾಗ ಮೇಡಂ ಬಲಗೈಯನ್ನು ಬೇಕೆಂದೇ ಬೀಸಿದರು. ಡಾಕ್ಟರು ಮತ್ತೆ ಏನೋ ಮಾತಿಗೆಳೆದು ಇನ್ನೊಮ್ಮೆ ನಡೆಸಿದಾಗ ಮೇಡಂ ಬೀಸಲು ಮರೆತರು. ನರದ ಬೇನೆ, ಗುಳಿಗೆಯಿಂದ ಹತೋಟಿಯಲ್ಲಿಡಬಹುದು, ಪೂರ್ತಿ ಹೋಗುವುದಿಲ್ಲ ಎಂದರು ಡಾಕ್ಟರು. ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಸ್ಪರ್ಧೆಯಿದ್ದ ತಿಂಗಳಲ್ಲೇ ಮೇಡಂ ಹುಬ್ಬಳ್ಳಿಗೆ ಹೋದರು, ತಲೆಯ ಸ್ಕ್ಯಾನಿಂಗಿಗೆ.

ಗುಳಿಗೆ ತೆಗೆದುಕೊಂಡ ಮೇಲೆ ಕೈ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ನನಗೆ ಆಸೆಯಾಯಿತು. "ಅಕ್ಕಾ, ಈಗ ಒಂದೆರಡು ಹೊಡೀರಿ, ಕೈ ನಿಂತೈತಲ್ಲ" ಎಂದೆ.

"ಇಷ್ಟರಾಗ ನಾ ತಲಿ ಬಾಚಿಕೊಬೇಕು, ಲಿಂಗಪೂಜಿ ಮಾಡಬೇಕು, ನನ್ನ ಕೈಲೆ ನಾ ಒಂದು ರೊಟ್ಟಿ ತಿನ್ನಬೇಕು" ಅಂದರು. "ಬಂದೂಕಿಗೆ ಹೊತ್ತು ಎಲ್ಲಿಂದ ತರ್ಲಿ ತಂಗಿ?"

ನಾಲ್ಕೈದು ವರ್ಷ ಹಾಗೆ ನಡೆಯಿತು. ಗುಳಿಗೆ ಹಿಡಿಯುವ ಹೊತ್ತು ಕಡಿಮೆಯಾಗುತ್ತ ಬಂತು. ದನಿ ಇಳಿಯಿತು. ಮೈದಾನದ ಆಚೆ ತುದಿಗೆ ಕೇಳುತ್ತಿದ್ದ ದನಿ ಅದು. ಈಗ ಬಾಯಿಯ ಹತ್ತಿರ ಕಿವಿ ಒಯ್ಯಬೇಕಾಗಿತ್ತು. ನಗು ಬಂದರೂ ಮುಖದ ಮೇಲೆ ಮೂಡುತ್ತಿರಲಿಲ್ಲ. ಯಜಮಾನರು ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಮನೆಯಲ್ಲೇ ಉಳಿದರು. ಹೆಂಡತಿಗೆ ಜಡೆ ಹಾಕಲು ಕಲಿತರು, ಓರೆಕೋರೆಯಾಗಿ ಹಾಕುತ್ತಿದ್ದರು. ನಾನು ಹೋದಾಗ ಬಿಚ್ಚಿ ಮತ್ತೆ ಹಾಕಲು ಹೋದರೆ ಮೇಡಂ ತಲೆ ಸರಿಸಿ ಬೇಡವೆಂದರು. ಒಂದು ದಿನ ನುಂಗುವಾಗ ಗಂಜಿ ಗಂಟಲಲ್ಲಿ ಸಿಕ್ಕಿ, ಕೆಮ್ಮು ಬಂದು, ಕೆಮ್ಮಿನಿಂದ ಜ್ವರ ಬಂದು, ಲಿಂಗಸುಗೂರಿನ ಆಸ್ಪತ್ರೆಯಲ್ಲಿ ತೀರಿಹೋದರು. ನಾನು ಶಾಲೆ ಬಿಟ್ಟು ಬಸ್ಸು ಹಿಡಿಯುವ ಹೊತ್ತಿಗೆ ಮುಗಿದಿತ್ತು.

ಕ್ರಿಯೆಗಳೆಲ್ಲ ಆದ ಮೇಲೆ, ಬಿತ್ತನೆಗೆ ಮುಂಚೆ, ಬೀಜದ ಮಾಲು ತರಲು ಸಿಂಧನೂರಿಗೆ ಬಂದ ಯಜಮಾನರು ನಮ್ಮ ಮನೆಗೂ ಬಂದರು. ಮಳೆ ಹೇಗೆ, ಈ ಸಲ ಜನ ತೊಗರಿ ಹಾಕುತ್ತಾರೋ ಏನೋ, ಹೀಗೆ ಏನೇನೋ ಮಾತಾಡಿದರು. ಚಹಾ ಕೊಟ್ಟೆ. ಬಟ್ಟಲು ಮುಟ್ಟದೆ ಕೂತಿದ್ದು, ಒಮ್ಮೆಲೇ ಕೇಳಿದರು.

"ಟೀಚರ, ಒಂದು ಮಾತು ಕೇಳ್ತೀನಿ. ಆಕಿ ಖರೇನ ಚಲೋ ಹೊಡಿತಿದ್ಲೇನ್ರಿ?"

ಹೌದು ಎನ್ನಲು ಬಾಯಿ ತೆರೆದೆ. ಅವರ ಕಣ್ಣು ನೋಡಿದ ಮೇಲೆ ಆಗಲಿಲ್ಲ. ಆ ಕಾಲೇಜನ್ನು ನಾನು ಕಂಡವಳಲ್ಲ, ಅವರ ಹಾಳೆ ನೋಡಿಹೋದ ಹುಡುಗರು ಯಾರೋ, ಎಲ್ಲಿದ್ದಾರೋ. ನಾನು ನೋಡಿದ್ದು ಆ ಹಿತ್ತಲಿನ ಚದುರಿದ ತೂತುಗಳನ್ನು ಮಾತ್ರ.

"ನಾನೂ ನೋಡಿಲ್ರಿ ಅಣ್ಣಾರ" ಎಂದೆ.

ಅವರು ತಲೆಯಾಡಿಸಿದರು. "ಮದಿವ್ಯಾದಾಗಿಂದ ಬಾಜೂಕ ಇದ್ದೆ. ನಾನೂ ನೋಡಲಿಲ್ಲ" ಎಂದರು.

ಚಹಾ ಆರಿಹೋಗಿತ್ತು. ಬಿಸಿ ಮಾಡಿಕೊಡುತ್ತೇನೆಂದರೆ ಬೇಡವೆಂದು ಅದನ್ನೇ ಕುಡಿದು, ಬೀಜದ ಚೀಲ ಎತ್ತಿಕೊಂಡು ಮಸ್ಕಿಯ ಬಸ್ಸಿಗೆ ಹೋದರು.